ಲೆಕ್ಕದ ಬಲೆ ಮತ್ತು ಮುಳುಗಿದ ವೇದಿಕೆ

ಒಂದು ಉಕ್ಕಿನ ದಂಡವನ್ನು ತಿರುಚಿದಾಗ ಅದರೊಳಗೆ ಎಲ್ಲೆಲ್ಲಿ ಎಷ್ಟು ಪೀಡನ ಉಂಟಾಗುತ್ತದೆ? ದಂಡ ದುಂಡಗಿದ್ದರೆ ಪದವಿ ತರಗತಿಯ ವಿದ್ಯಾರ್ಥಿಯೂ ಉತ್ತರಿಸಬಲ್ಲ. ಅದು ಚೌಕವಾಗಿದ್ದು, ನಡುವೆ ಚೌಕಾಕಾರದ ಟೊಳ್ಳೂ ಇದ್ದರೆ ಸಮೀಕರಣ ಬರೆಯುವುದು ಸುಲಭ, ಬಿಡಿಸುವುದು ಕಷ್ಟ. ಜರ್ಮನಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ್ದ ಗಣಿತಜ್ಞ ರಿಚರ್ಡ್ ಕೂರಂಟ್ 1943ರ ತಮ್ಮ ಪ್ರಬಂಧದಲ್ಲಿ ಇದನ್ನೇ ಉದಾಹರಣೆಯಾಗಿ ಎತ್ತಿಕೊಂಡರು. ದಂಡದ ಅಡ್ಡಕೊಯ್ತವನ್ನು ತ್ರಿಭುಜಗಳಾಗಿ ವಿಭಜಿಸಿ, ಪ್ರತಿ ತ್ರಿಭುಜದೊಳಗೆ ಅಜ್ಞಾತ ಪರಿಮಾಣ ಸರಳರೇಖೀಯವಾಗಿ ಬದಲಾಗುತ್ತದೆಂದು ಭಾವಿಸಿದರು. ಆಗ ಕಂಡುಹಿಡಿಯಬೇಕಾದದ್ದು ಶೃಂಗಗಳಲ್ಲಿನ ಬೆಲೆಗಳನ್ನು ಮಾತ್ರ.

ಅದು ಕೈಲೆಕ್ಕದ ಕಾಲ. ಎಂಜಿನಿಯರುಗಳು ಇದೇ ತ್ರಿಭುಜಗಳಿಗೆ ಬೇರೊಂದು ದಾರಿಯಿಂದ ಬಂದರು. ವಿಮಾನದ ರೆಕ್ಕೆ ಎಷ್ಟು ಬಾಗುತ್ತದೆಂದು ತಿಳಿಯಲು ಬೋಯಿಂಗ್ ಕಂಪನಿಯಲ್ಲಿ ಆರಂಭವಾದ ಕೆಲಸವನ್ನು ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ 1956ರಲ್ಲಿ ಪ್ರಕಟಿಸಿದರು. ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ಕ್ಲಫ್ ಕೊಟ್ಟದ್ದು 1960ರಲ್ಲಿ. (ಮಗು ಹುಟ್ಟಿ ಓಡಾಡತೊಡಗಿದ ಮೇಲೆ ನಾಮಕರಣ!)

ಮೊದಮೊದಲು ಈ ತ್ರಿಭುಜಗಳ ಬಲೆಯನ್ನು ಕೈಯಿಂದಲೇ ಬಿಡಿಸಬೇಕಿತ್ತು. ಗಣಕಕ್ಕೆ ಅದನ್ನು ಕಲಿಸುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ರಷ್ಯದ ಬೋರಿಸ್ ಡೆಲೊನೆ 1934ರಲ್ಲಿ ಪ್ರಕಟಿಸಿದ ಶುದ್ಧ ಜ್ಯಾಮಿತಿ. ಕಾಗದದ ಮೇಲೆ ಕೆಲವು ಬಿಂದುಗಳನ್ನು ಗುರುತಿಸಿ. ಯಾವ ತ್ರಿಭುಜದ ಪರಿವೃತ್ತದೊಳಗೂ ಮತ್ತೊಂದು ಬಿಂದು ಬೀಳದಂತೆ ಅವನ್ನು ಜೋಡಿಸಿ. ಹೀಗೆ ಮಾಡಿದಾಗ ಬಲೆಯಲ್ಲಿನ ಅತ್ಯಂತ ಕಿರಿದಾದ ಕೋನ, ಅದೇ ಬಿಂದುಗಳಿಂದ ಸಾಧ್ಯವಿರುವಷ್ಟು ದೊಡ್ಡದಾಗಿರುತ್ತದೆ. 1981ರಲ್ಲಿ ಬೌಯರ್ ಮತ್ತು ವಾಟ್ಸನ್ ಇದಕ್ಕೆ ಗಣಕ ಕ್ರಮವಿಧಿಗಳನ್ನು ಪ್ರತ್ಯೇಕವಾಗಿ, ಆದರೆ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದರು. ಮೂರು ಆಯಾಮಗಳಲ್ಲಿ ಮಾತ್ರ ಈ ನಿಯಮ ಕೈಕೊಡುತ್ತದೆ: ಗೋಳದ ಮಧ್ಯರೇಖೆಯ ಸಮೀಪ ಇರುವ ನಾಲ್ಕು ಬಿಂದುಗಳು ನಿಯಮಕ್ಕೆ ಒಪ್ಪುತ್ತವೆ, ಆದರೆ ಅವುಗಳಿಂದ ಆಗುವ ಚತುರ್ಮುಖಿ ಹಪ್ಪಳದಂತೆ ಚಪ್ಪಟೆ.

ಆಕಾರಕ್ಕೆ ಇಷ್ಟು ಮಹತ್ವ ಏಕೆ ಎಂದು ನೀವು ಕೇಳಬಹುದು. ಪೀಡನ ಸಿಗುವುದು ಸ್ಥಾನಪಲ್ಲಟದ ಅವಕಲನದಿಂದ. ತ್ರಿಭುಜದ ಒಂದು ಕೋನ 180 ಡಿಗ್ರಿಯನ್ನು ಸಮೀಪಿಸಿದಂತೆ, ಶೃಂಗಗಳಲ್ಲಿನ ಬೆಲೆ ಸರಿಯಿದ್ದರೂ ಅವಕಲನ ತೀರಾ ತಪ್ಪಾಗಬಲ್ಲದು. ಬಾಬುಷ್ಕ ಮತ್ತು ಅಜೀಜ್ 1976ರಲ್ಲಿ ಇದನ್ನು ವಿಶ್ಲೇಷಿಸಿದರು. ಬಲೆ ಒರಟಾಗಿದ್ದರೂ ಇದೇ ಪಾಡು: ಪೀಡನ ಥಟ್ಟನೆ ಏರುವ ಜಾಗ ಒಂದೇ ಘಟಕದೊಳಗೆ ಅಡಗಿಬಿಡುತ್ತದೆ.

1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಾಂಗರ್ ಬಳಿಯ ಸಮುದ್ರದ ಚಾಚಿನಲ್ಲಿ ಸ್ಲೈಪ್ನರ್-ಎ ಅನಿಲ ವೇದಿಕೆಯ ಕಾಂಕ್ರೀಟು ತಳವನ್ನು ಪರೀಕ್ಷೆಗಾಗಿ ನೀರಿನೊಳಗೆ ಇಳಿಸುತ್ತಿದ್ದರು. ಅದರಲ್ಲಿ 24 ಟೊಳ್ಳು ಕೋಶಗಳು. ದುಂಡನೆಯ ಮೂರು ಕೋಶಗಳು ಕೂಡುವೆಡೆ ಉಳಿಯುವ ತ್ರಿಕೋನ ಸಂದಿಗೆ ಸಮುದ್ರದ ನೀರು ತುಂಬಿಕೊಂಡು ಗೋಡೆಗಳನ್ನು ತಳ್ಳುತ್ತದೆ. 65 ಮೀಟರ್ ನೀರೆಂದರೆ ಚದರ ಮೀಟರಿಗೆ ಸುಮಾರು 65 ಟನ್ ಹೊರೆ. ಅಂಥ ಒಂದು ಗೋಡೆ ಸೀಳಿತು. ಇಡೀ ರಚನೆ ತಳ ಸೇರಿತು. ಪ್ರಾಣಹಾನಿ ಆಗಲಿಲ್ಲ.

ತನಿಖೆಯಲ್ಲಿ ತಿಳಿದದ್ದಿಷ್ಟು. ನಾಸ್ಟ್ರಾನ್ ತಂತ್ರಾಂಶ ಸಮೀಕರಣಗಳನ್ನು ಬಿಡಿಸುವಲ್ಲಿ ಎಡವಿರಲಿಲ್ಲ. ಅದಕ್ಕೆ ಕೊಟ್ಟ ಬಲೆ ಆ ಮೂಲೆಗಳಲ್ಲಿ ಒರಟಾಗಿತ್ತು, ಘಟಕಗಳು ಓರೆಯಾಗಿದ್ದವು. ಹೀಗಾಗಿ ಗೋಡೆಯನ್ನು ಕತ್ತರಿಸುವ ಬಲ ಶೇಕಡ 47ರಷ್ಟು ಕಡಿಮೆಯೆಂದು ಕಂಡಿತು, ಗೋಡೆ ತೆಳುವಾಯಿತು. ಅಲ್ಲಿನ ಉಕ್ಕಿನ ಸರಳುಗಳೂ ಸಾಕಷ್ಟು ಉದ್ದವಿರಲಿಲ್ಲ.

ನಮ್ಮ ತರಗತಿಗಳಲ್ಲಿ ಬಲೆಯ ಪಾಠವನ್ನು ಅವಸರದಲ್ಲಿ ಮುಗಿಸಿಬಿಡುತ್ತೇವೆಂದು ನನಗನ್ನಿಸುತ್ತದೆ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡಿದೊಡನೆ ಒಪ್ಪಬೇಡಿ. ಘಟಕಗಳ ಗಾತ್ರವನ್ನು ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಹಾಕಿಸಿ. ಉತ್ತರ ಗಮನಾರ್ಹವಾಗಿ ಬದಲಾದರೆ ಮೊದಲನೆಯದು ಉತ್ತರವಲ್ಲ.

ದುರಂತದ ಬಳಿಕ ಸೂಕ್ಷ್ಮವಾದ ಬಲೆ ಹಾಕಿ ಅದೇ ಗೋಡೆಯನ್ನು ವಿಶ್ಲೇಷಿಸಿದಾಗ, ಅದು 62 ಮೀಟರಿನಲ್ಲಿ ಒಡೆಯಬೇಕೆಂದು ಬಂತು. ಒಡೆದದ್ದು 65ರಲ್ಲಿ. ಹೊಸದಾಗಿ ಕಟ್ಟಿದ ವೇದಿಕೆ 1993ರಲ್ಲಿ ಕೆಲಸ ಆರಂಭಿಸಿತು.