ಸ್ಟ್ರಾಬೆರಿ ಗಿಡ ಉಳಿಸಿದವರ ಕಥೆ

ಬೊಮ್ಮಸಂದ್ರದಲ್ಲಿ ಮೆಟ್ರೋ ಇಳಿದು ನಮ್ಮ ಬೀದಿಗೆ ಬಂದರೆ, ಶೀಟಿನ ಮನೆಗಳ ಮುಂದೆ ಪೇಂಟ್ ಡಬ್ಬಗಳಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ ಕಾಣುತ್ತವೆ. ಅವುಗಳ ಸಾಲಿಗೆ ಸ್ಟ್ರಾಬೆರಿಯೂ ಸೇರಿತು. ಪಕ್ಕದ ಮನೆ ಅಕ್ಕ ನರ್ಸರಿಯಿಂದ ಆರು ಗಿಡ ತಂದಿದ್ದರು. ಜನವರಿಯಲ್ಲಿ ಮಕ್ಕಳಿಗೆ ಒಂದೊಂದು ಹಣ್ಣು ಸಿಕ್ಕಿತು. ಏಪ್ರಿಲ್ ಬಿಸಿಲಿಗೆ ಹೂವು ನಿಂತಿತು, ಎಲೆಯ ಅಂಚು ಸುಟ್ಟಿತು. "ಇದರ ಕಥೆ ಮುಗೀತು, ಕಿತ್ತು ಬಿಸಾಕ್ತೀನಿ" ಅಂದರು ಅಕ್ಕ.

ಹಾಗೆ ಕಿತ್ತು ಬಿಸಾಕದವರಿಂದಲೇ ಈ ಹಣ್ಣು ನಮ್ಮವರೆಗೆ ಬಂದಿದೆ. ಆ ಕಥೆ ಕೇಳಿ.

1712ರಲ್ಲಿ ಫ್ರಾನ್ಸ್ ದೇಶ ಫ್ರೆಜಿಯೆ ಎಂಬ ಸೇನಾ ಎಂಜಿನಿಯರನ್ನು ದಕ್ಷಿಣ ಅಮೆರಿಕಕ್ಕೆ ಕಳಿಸಿತು. ಸ್ಪೇನ್‌ನವರ ಕೋಟೆಗಳನ್ನು ಗುಟ್ಟಾಗಿ ನೋಡಿ ನಕ್ಷೆ ಬರೆಯುವುದು ಅವನ ಕೆಲಸ. ಚಿಲಿಯ ಕಾನ್ಸೆಪ್ಸಿಯಾನ್ ಊರಿನ ಹತ್ತಿರ ಅವನು ದಪ್ಪ ದಪ್ಪ ಸ್ಟ್ರಾಬೆರಿ ಕಂಡ. ಕೆಲವು ಕೋಳಿಮೊಟ್ಟೆಯಷ್ಟಿದ್ದವು. ಅಲ್ಲಿನ ಮೂಲನಿವಾಸಿಗಳು ಬಹಳ ಹಿಂದಿನಿಂದ ಬೆಳೆಸಿಕೊಂಡು ಬಂದ ಹಣ್ಣು ಅದು. ಗಿಡಗಳನ್ನು ಹಡಗಿಗೆ ಹತ್ತಿಸಿಕೊಂಡ. ತಿಂಗಳುಗಟ್ಟಲೆ ಸಮುದ್ರದ ಮೇಲೆ ಕುಡಿಯುವ ನೀರಿಗೇ ಲೆಕ್ಕ. ಆದರೂ ಗಿಡಕ್ಕೆ ನೀರು ಸಿಕ್ಕಿತು. 1714ರಲ್ಲಿ ಮಾರ್ಸೇಲ್ ಬಂದರು ಮುಟ್ಟುವಾಗ ಉಳಿದದ್ದು ಐದೇ ಗಿಡ. ಅದರಲ್ಲಿ ಎರಡನ್ನು ನೀರು ಕೊಟ್ಟ ಹಡಗಿನ ಅಧಿಕಾರಿಗೇ ಕೊಟ್ಟ.

ಆ ಗಿಡಗಳು ಹೂ ಬಿಟ್ಟವು, ಹಣ್ಣು ಬಿಡಲಿಲ್ಲ. ಪಪ್ಪಾಯಿಯಲ್ಲಿ ಗಂಡು, ಹೆಣ್ಣು ಇರುವ ಹಾಗೆ ಇದರಲ್ಲೂ ಇದೆ. ಫ್ರೆಜಿಯೆ ತಂದದ್ದೆಲ್ಲ ಹೆಣ್ಣು ಗಿಡ. ಫಲವಿಲ್ಲದಿದ್ದರೂ ಕೆಲವರು ಅವನ್ನು ಉಳಿಸಿಕೊಂಡರು. ಮುಂದೆ ಉತ್ತರ ಅಮೆರಿಕದಿಂದ ಬಂದ ಇನ್ನೊಂದು ಸ್ಟ್ರಾಬೆರಿ ಪಕ್ಕದಲ್ಲಿ ಬೆಳೆದಾಗ ಎರಡೂ ಕೂಡಿ ಹೊಸ ತಳಿ ಹುಟ್ಟಿತು. 1766ರಲ್ಲಿ ಡ್ಯುಶೇನ್ ಎಂಬ, ಇಪ್ಪತ್ತು ವರ್ಷ ತುಂಬದ ಹುಡುಗ ಇದನ್ನು ಪುಸ್ತಕದಲ್ಲಿ ಬರೆದ. ಇಂದು ಅಂಗಡಿಗೆ ಬರುವ ಸ್ಟ್ರಾಬೆರಿಯೆಲ್ಲ ಆ ಬೆರಕೆಯ ಸಂತಾನವೇ.

ಫಲ ಬಿಡದ ಗಿಡ ಅಷ್ಟು ವರ್ಷ ಉಳಿದದ್ದು ಹೇಗೆ? ಒಂದೆಲಗ ನೋಡಿದ್ದೀರಲ್ಲ, ನೆಲದ ಮೇಲೆ ಹಂಬು ಹರಿಸಿ ಗೆಣ್ಣಿಗೊಂದು ಗಿಡ ಮಾಡುತ್ತದೆ. ಸ್ಟ್ರಾಬೆರಿಯೂ ಹಾಗೆಯೇ. ತಾಯಿ ಗಿಡ ಎರಡು ಮೂರು ವರ್ಷ ಫಲ ಕೊಟ್ಟು ಸೊರಗುತ್ತದೆ. ಬಾಳೆಯ ಕಂದು ಕಿತ್ತು ನೆಟ್ಟ ಹಾಗೆ ಹಂಬಿನ ಮರಿ ನೆಟ್ಟರೆ ವಂಶ ಮುಂದುವರಿಯುತ್ತದೆ. ಇಂಗ್ಲೆಂಡಿನಲ್ಲಿ 1892ರಲ್ಲಿ ಬಂದ 'ರಾಯಲ್ ಸಾವರಿನ್' ತಳಿ ಇಂದಿಗೂ ಇದೆ. ಅದೇ ಗಿಡದ ಮರಿಯ ಮರಿಯ ಮರಿ. ನಡುವೆ ಎಲ್ಲರೂ ಒಂದು ವರ್ಷ ಕೈಬಿಟ್ಟಿದ್ದರೆ ಹೆಸರು ಮಾತ್ರ ಉಳಿಯುತ್ತಿತ್ತು.

ಹೆಸರು ಅಂದಾಗ ನೆನಪಾಯಿತು. ನಮ್ಮ ದೇಶದ ಹಣ್ಣಿನ ಬೆಳೆಗಳ ಪಠ್ಯಪುಸ್ತಕಗಳಲ್ಲಿ ಹಳೆಯ ಸ್ಟ್ರಾಬೆರಿ ತಳಿಗಳ ಪಟ್ಟಿ ಇರುತ್ತದೆ: ರಾಯಲ್ ಸಾವರಿನ್, ಶ್ರೀನಗರ, ದಿಲ್‌ಪಸಂದ್. ಅದರಲ್ಲೇ ಇನ್ನೊಂದು ಹೆಸರು 'ಬೆಂಗಳೂರು'. ಹೌದು, ನಮ್ಮೂರ ಹೆಸರಿನ ಸ್ಟ್ರಾಬೆರಿ! ಈಗ ಪೇಟೆ ನಡೆಯುವುದು ಚಾಂಡ್ಲರ್, ಕ್ಯಾಮರೋಸಾ, ವಿಂಟರ್ ಡಾನ್‌ಗಳಂಥ ಅಮೆರಿಕದ ತಳಿಗಳಿಂದ. ಮಹಾಬಲೇಶ್ವರದ ಕಡೆ ರೈತರು ಮಳೆಗಾಲದಲ್ಲಿ ತಾಯಿ ಗಿಡಗಳಿಂದ ಮರಿ ಎಬ್ಬಿಸಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊಲಕ್ಕೆ ನೆಡುತ್ತಾರೆ.

ಮನೆಯಲ್ಲೂ ಇದೇ ಲೆಕ್ಕ. ಏಪ್ರಿಲ್, ಮೇ ದಾಟಿಸಲು ಡಬ್ಬವನ್ನು ನೆರಳಿಗೆ ಸರಿಸಿ. ತಳದಲ್ಲಿ ತೂತಿರಲಿ, ಮಳೆ ನೀರು ನಿಂತರೆ ಬೇರು ಕೊಳೆಯುತ್ತದೆ. ಹಂಬು ಬಂದಾಗ ಅದರ ತುದಿಯ ಮರಿಯನ್ನು ಇನ್ನೊಂದು ಡಬ್ಬದ ಮಣ್ಣಿಗೆ ಮೆಲ್ಲಗೆ ಒತ್ತಿಡಿ. ಒಂದು ತಿಂಗಳಲ್ಲಿ ಬೇರು ಹಿಡಿಯುತ್ತದೆ, ಆಮೇಲೆ ಹಂಬು ಕತ್ತರಿಸಿ. ನೆಡುವಾಗ ಸುಳಿ ಮಣ್ಣಿನಲ್ಲಿ ಹೂತು ಹೋಗಬಾರದು. ಎಲೆ ಮುರುಟಿದ ಗಿಡದಿಂದ ಮರಿ ತೆಗೆಯಬೇಡಿ, ತಾಯಿಯ ವೈರಸ್ ಮರಿಗೂ ಬರುತ್ತದೆ. ಹಣ್ಣಿನ ಕಾಲಕ್ಕೆ ಬುಡಕ್ಕೆ ರಾಗಿ ಹುಲ್ಲು ಹಾಸಿ, ಹಣ್ಣು ಮಣ್ಣು ಮುಟ್ಟುವುದಿಲ್ಲ.

ಅಕ್ಕ ಗಿಡ ಕೀಳಲಿಲ್ಲ. ಬೇಸಿಗೆಯಲ್ಲಿ ಎರಡು ಹೋದವು, ನಾಲ್ಕು ಉಳಿದವು. ಮಳೆ ಮುಗಿಯುವ ಹೊತ್ತಿಗೆ ಮರಿಗಳೂ ಸೇರಿ ಹನ್ನೊಂದಾದವು. ಅಕ್ಕ ಊರಿಗೆ ಹೋದಾಗ ದಿನಾ ನೀರು ಹಾಕಿದ್ದು ಎದುರು ಮನೆ ಹುಡುಗ. ಅವನಿಗೆ ಎರಡು ಗಿಡ ಕೊಟ್ಟರು. ಫ್ರೆಜಿಯೆ ಕಥೆ ನಾನು ಅವರಿಗೆ ಇನ್ನೂ ಹೇಳಿರಲಿಲ್ಲ.