ಗಾಜಿನ ಮೇಲೆ ಹಸಿರು, ಕೊಳವೆಯಲ್ಲಿ ಹೊಗೆ

ಪೆಟ್ರೋಲ್ ಬಂಕ್ ಪಕ್ಕ ನಿಂತಿರೋ ಎಮಿಷನ್ ಟೆಸ್ಟ್ ವ್ಯಾನ್ ನೀವು ನೋಡಿರ್ತೀರಿ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡು ಗಾಡಿಯಲ್ಲಿಟ್ಟು ಮರೆತುಬಿಡ್ತೀವಿ. ಪೊಲೀಸರು ಕೈ ಅಡ್ಡ ಹಾಕಿದಾಗ ಮಾತ್ರ ಅದರ ನೆನಪು. ಹಾಗಾದರೆ ಆ ಕಾಗದ ಇರೋದು ಗಾಳಿಗಾಗಿಯೋ, ಪೊಲೀಸರಿಗಾಗಿಯೋ? ಈ ಪ್ರಶ್ನೆಗೆ ಜರ್ಮನಿಯ ಇತಿಹಾಸದಲ್ಲಿ ಒಂದು ಉತ್ತರ ಇದೆ.

ಹೊಗೆಯುಗುಳುವ ವಾಹನಗಳನ್ನು ಊರೊಳಗೆ ಬಿಡಬಾರದು ಅನ್ನೋ ಯೋಚನೆ ಹಳೆಯದು. ಸ್ವೀಡನ್ 1996ರಲ್ಲೇ ಹಳೆಯ ಲಾರಿ, ಬಸ್ಸುಗಳನ್ನು ಸ್ಟಾಕ್‌ಹೋಮ್‌ನಂಥ ನಗರಗಳ ಒಳಭಾಗದಿಂದ ಹೊರಗಿಟ್ಟಿತ್ತು. 2005ರಿಂದ ಇಡೀ ಯುರೋಪಿಯನ್ ಒಕ್ಕೂಟಕ್ಕೇ ಒಂದು ಮಿತಿ ಬಂತು. ಗಾಳಿಯಲ್ಲಿನ ಸೂಕ್ಷ್ಮ ಧೂಳು ವರ್ಷಕ್ಕೆ 35 ದಿನಕ್ಕಿಂತ ಹೆಚ್ಚು ಮಿತಿ ದಾಟುವಂತಿಲ್ಲ. ಮ್ಯೂನಿಕ್‌ನ ಲಾಂಡ್ಸ್‌ಹೂಟರ್ ಆಲೀ ರಸ್ತೆಯಲ್ಲಿ ಅದು ದಾಟಿತು. ಹತ್ತಿರದಲ್ಲೇ ವಾಸವಿದ್ದ ಡೀಟರ್ ಯಾನೆಚೆಕ್ ಕೋರ್ಟ್ ಮೆಟ್ಟಿಲೇರಿದರು. 2008ರ ಜುಲೈ 25ರಂದು ಯುರೋಪಿನ ನ್ಯಾಯಾಲಯ ಹೇಳಿತು: ಗಾಳಿ ಕೆಟ್ಟರೆ, ಕ್ರಮಕ್ಕೆ ಯೋಜನೆ ಮಾಡಿ ಅಂತ ಸರ್ಕಾರವನ್ನು ಕೇಳುವ ಹಕ್ಕು ಅಲ್ಲಿನ ನಿವಾಸಿಗಿದೆ. ಒಬ್ಬ ನಾಗರಿಕ ಗೆದ್ದಿದ್ದು ಸಣ್ಣ ಮಾತಲ್ಲ.

ಅದೇ ವರ್ಷದ ಜನವರಿ 1ರಂದು ಬರ್ಲಿನ್, ಕಲೋನ್, ಹ್ಯಾನೋವರ್ ನಗರಗಳಲ್ಲಿ 'ಉಮ್‌ವೆಲ್ಟ್‌ಝೋನ್' ಅಂದರೆ ಪರಿಸರ ವಲಯ ಶುರುವಾಗಿತ್ತು. ಕಾರಿನ ಮುಂದಿನ ಗಾಜಿಗೆ ದುಂಡನೆಯ ಸ್ಟಿಕ್ಕರ್. ಕೆಂಪು, ಹಳದಿ, ಹಸಿರು. ಅದರ ಮೇಲೆ ಗಾಡಿಯ ನಂಬರ್. ಬೆಲೆ ಕೆಲವೇ ಯೂರೋ. ನಮ್ಮಲ್ಲಿ ಬಿಎಸ್-4 ಇದ್ದ ಹಾಗೆ ಅಲ್ಲಿ ಯೂರೋ-4. ಅಂಥ ಡೀಸೆಲ್ ಕಾರಿಗೆ ಹಸಿರು. ಸ್ಟಿಕ್ಕರ್ ಇಲ್ಲದೆ ಒಳಗೆ ಹೋದರೆ ಆಗ 40 ಯೂರೋ ದಂಡ, ಈಗ 100. ಬರ್ಲಿನ್ 2010ರಿಂದ ಹಸಿರು ಬಿಟ್ಟು ಬೇರೆಯದಕ್ಕೆ ಬಾಗಿಲು ಹಾಕಿತು. ಹೊಸ ಕಾರು ಕೊಳ್ಳಲಾಗದವನು ಹಳೆಯ ಡೀಸೆಲ್ ಗಾಡಿಯನ್ನು ಊರ ಹೊರಗೇ ನಿಲ್ಲಿಸಬೇಕಾಯಿತು.

ಈಗ ನೋಡಿ ಅಸಲಿ ಕಥೆ. 2015ರ ಸೆಪ್ಟೆಂಬರ್ 18. ಫೋಕ್ಸ್‌ವ್ಯಾಗನ್ ಮೋಸ ಮಾಡಿದೆ ಅಂತ ಅಮೆರಿಕ ಬಯಲು ಮಾಡಿತು. ಪರೀಕ್ಷೆ ನಡೀತಿದೆ ಅಂತ ಕಾರಿನ ಸಾಫ್ಟ್‌ವೇರ್‌ಗೆ ಗೊತ್ತಾಗ್ತಿತ್ತು. ಆಗ ಮಾತ್ರ ಹೊಗೆ ಶುದ್ಧ. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಮಿತಿಯ ಹಲವು ಪಟ್ಟು. ಜಗತ್ತಿನಾದ್ಯಂತ ಇಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಜರ್ಮನಿಯಲ್ಲಿ ಇಂಥ ಕಾರುಗಳು ಹಸಿರು ಸ್ಟಿಕ್ಕರ್ ಅಂಟಿಸಿಕೊಂಡೇ ಓಡಾಡ್ತಿದ್ದವು! ಬಡವನ ಹಳೆ ಕಾರು ಹೊರಗೆ, ಸುಳ್ಳು ಹೇಳಿದ ಹೊಸ ಕಾರು ಒಳಗೆ. ಯಾಕೆ? ಸ್ಟಿಕ್ಕರ್ ಲೆಕ್ಕ ಹಾಕಿದ್ದು ಧೂಳನ್ನು, ಅದೂ ಕಾಗದ ನೋಡಿ. ಕೊಳವೆಯ ಹತ್ತಿರ ಯಾರೂ ಬಗ್ಗಿ ನೋಡಲಿಲ್ಲ. ಕೊನೆಗೆ 2018ರಲ್ಲಿ ಹ್ಯಾಂಬರ್ಗ್‌ನ ಒಂದು ರಸ್ತೆಯಲ್ಲಿ, 2019ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ, ಹಸಿರು ಅಂಟಿಸಿಕೊಂಡ ಹಳೆ ಡೀಸೆಲ್ ಕಾರುಗಳನ್ನೂ ತಡೆಯಬೇಕಾಯಿತು.

ಹಾಗಂತ ಎಲ್ಲವೂ ವ್ಯರ್ಥ ಅನ್ನೋ ಹಾಗಿಲ್ಲ. ಗಾಳಿ ಸುಧಾರಿಸಿತು ಅಂತ ಹ್ಯಾನೋವರ್ 2024ರಲ್ಲಿ ತನ್ನ ವಲಯವನ್ನೇ ತೆಗೆದುಹಾಕಿತು. ನಿಯಮ ಬೇಕು. ಆದರೆ ಪರೀಕ್ಷೆ ರಸ್ತೆಯ ಮೇಲೆ ಆಗಬೇಕು, ಕಂಪನಿಯಿಂದಲೇ ಲೆಕ್ಕ ಕೇಳಬೇಕು. ನಮ್ಮ ಸುಪ್ರೀಂ ಕೋರ್ಟ್ ಕೂಡ 2018ರಲ್ಲಿ ದೆಹಲಿ ವಲಯದ ವಾಹನಗಳಿಗೆ ಸ್ಟಿಕ್ಕರ್ ಒಪ್ಪಿತು. ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಬಣ್ಣ ಗಾಜಿಗೆ ಅಂಟುತ್ತೆ. ಹೊಗೆ ಅಂಟೋದು ಮಕ್ಕಳ ಶ್ವಾಸಕೋಶಕ್ಕೆ. ನಾವು ಯಾವುದನ್ನು ತಪಾಸಣೆ ಮಾಡ್ತಿದ್ದೀವಿ? ಯೋಚಿಸಿ.