ಬಳಸಿದ ಗೃಹೋಪಯೋಗಿ ಉಪಕರಣಗಳ ಖರೀದಿ: ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಬಾಡಿಗೆ ಮನೆಗಳಲ್ಲಿ ವಾಸಿಸುವವರು, ಹೊಸದಾಗಿ ಸಂಸಾರ ಹೂಡುವವರು ಹಾಗೂ ವಿದ್ಯಾರ್ಥಿಗಳು ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸಿ ಮುಂತಾದ ಉಪಕರಣಗಳನ್ನು ಸೆಕೆಂಡ್ ಹ್ಯಾಂಡ್ ಆಗಿ ಖರೀದಿಸುವುದು ಸಾಮಾನ್ಯವಾಗಿದೆ. ಇಂತಹ ಖರೀದಿಯಿಂದ ಹಣ ಉಳಿಯಬಹುದು. ಆದರೆ ಬೆಲೆಯೊಂದನ್ನೇ ನೋಡಿ ಕೊಂಡಲ್ಲಿ ವಿದ್ಯುತ್ ವೆಚ್ಚ, ದುರಸ್ತಿ ಹಾಗೂ ಅಪಾಯಗಳ ಹೊರೆಯು ಗ್ರಾಹಕರ ಮೇಲೆಯೇ ಬೀಳುತ್ತದೆ. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನೂ ದೋಷ ಕಂಡುಬಂದಲ್ಲಿ ಲಭ್ಯವಿರುವ ಪರಿಹಾರಗಳನ್ನೂ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

1. ನಿಜವಾದ ವೆಚ್ಚವನ್ನು ಲೆಕ್ಕ ಹಾಕುವ ವಿಧಾನ

ಖರೀದಿ ಬೆಲೆಯನ್ನು ಉಪಕರಣವು ಇನ್ನೆಷ್ಟು ವರ್ಷ ಬಾಳಬಹುದೋ ಅಷ್ಟರಿಂದ ಭಾಗಿಸಿ, ಅದಕ್ಕೆ ಒಂದು ವರ್ಷದ ವಿದ್ಯುತ್ ವೆಚ್ಚವನ್ನು ಕೂಡಿಸಬೇಕು. ಉದಾಹರಣೆಗಾಗಿ ಯೂನಿಟ್‌ಗೆ 6 ರೂ. ದರವೆಂದು ಇಟ್ಟುಕೊಂಡಲ್ಲಿ:

ಅ) ಹಳೆಯ ಫ್ರಿಜ್: ಬೆಲೆ 6,000 ರೂ., ಉಳಿದ ಬಾಳಿಕೆ 3 ವರ್ಷ, ವರ್ಷಕ್ಕೆ 450 ಯೂನಿಟ್. ವಾರ್ಷಿಕ ವೆಚ್ಚ 2,000 + 2,700 = 4,700 ರೂ.
ಆ) ಹೊಸ ಫ್ರಿಜ್: ಬೆಲೆ 15,000 ರೂ., ಬಾಳಿಕೆ 10 ವರ್ಷ, ವರ್ಷಕ್ಕೆ 200 ಯೂನಿಟ್. ವಾರ್ಷಿಕ ವೆಚ್ಚ 1,500 + 1,200 = 2,700 ರೂ.
ಇ) ಮೂರು ವರ್ಷ ಬಳಸಿದ ಫ್ರಿಜ್: ಬೆಲೆ 9,100 ರೂ., ಉಳಿದ ಬಾಳಿಕೆ 7 ವರ್ಷ, ವರ್ಷಕ್ಕೆ 230 ಯೂನಿಟ್. ವಾರ್ಷಿಕ ವೆಚ್ಚ 1,300 + 1,380 = 2,680 ರೂ.

ಅತಿ ಅಗ್ಗವಾಗಿ ಕಂಡ ಹಳೆಯ ಫ್ರಿಜ್ ವಾಸ್ತವವಾಗಿ ಹೆಚ್ಚು ದುಬಾರಿಯಾಗಿರುವುದನ್ನು ಇಲ್ಲಿ ಗಮನಿಸಬಹುದು. ಅಲ್ಪಕಾಲ ಬಳಸಿದ ಫ್ರಿಜ್ ಹೊಸದಕ್ಕೆ ಸರಿಸಮನಾಗಿದ್ದು, ಕೈಯಿಂದ ತೆರಬೇಕಾದ ಮೊತ್ತ ಮಾತ್ರ ಕಡಿಮೆಯಿರುತ್ತದೆ. ದಿನವಿಡೀ ಚಾಲನೆಯಲ್ಲಿರುವ ಫ್ರಿಜ್ ಹಾಗೂ ಹೆಚ್ಚು ಹೊತ್ತು ಬಳಸುವ ಹವಾನಿಯಂತ್ರಕಗಳಿಗೆ ಈ ಲೆಕ್ಕ ಅತ್ಯಗತ್ಯ. ಮಿಕ್ಸಿಯಂತಹ ಅಲ್ಪಾವಧಿ ಬಳಕೆಯ ಉಪಕರಣಗಳಲ್ಲಿ ವಿದ್ಯುತ್ತಿಗಿಂತ ಯಂತ್ರದ ಸ್ಥಿತಿಯೇ ಮುಖ್ಯ.

2023ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಯೋಜನೆಯ ಸೌಲಭ್ಯವು ಪ್ರತಿ ಮನೆಗೆ ನಿಗದಿಯಾದ ಅರ್ಹ ಯೂನಿಟ್‌ಗಳಿಗೆ ಸೀಮಿತವಾಗಿದ್ದು, ಅದನ್ನು ಮೀರಿದ ಬಳಕೆಗೆ ಶುಲ್ಕ ತೆರಬೇಕಾಗುತ್ತದೆ. ಮಾಸಿಕ ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಮೇಲಿನ ಹಳೆಯ ಫ್ರಿಜ್ ಒಂದೇ ತಿಂಗಳಿಗೆ ಸುಮಾರು 37 ಯೂನಿಟ್ ಬಳಸುತ್ತದೆ. ಆದುದರಿಂದ ಖರೀದಿಗೆ ಮುನ್ನ ತಮ್ಮ ವಿದ್ಯುತ್ ಬಿಲ್ಲನ್ನು ನೋಡಿಕೊಳ್ಳುವುದು ಸೂಕ್ತ.

2. ನಕ್ಷತ್ರ ಚೀಟಿಯ ಬಗ್ಗೆ

ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ನಕ್ಷತ್ರ ಗುರುತಿನ ಪದ್ಧತಿಯನ್ನು ಆರಂಭಿಸಿತು. ನಕ್ಷತ್ರ ನೀಡುವ ಮಾನದಂಡಗಳನ್ನು ಕಾಲಕಾಲಕ್ಕೆ ಬಿಗಿಗೊಳಿಸಲಾಗುತ್ತದೆ. ಆದುದರಿಂದ ಹತ್ತು ವರ್ಷ ಹಿಂದಿನ 5 ನಕ್ಷತ್ರದ ಉಪಕರಣವು ಇಂದಿನ 5 ನಕ್ಷತ್ರಕ್ಕೆ ಸಮನಲ್ಲ. ನಕ್ಷತ್ರಗಳ ಸಂಖ್ಯೆಗಿಂತ ಚೀಟಿಯಲ್ಲಿರುವ ಅವಧಿಯನ್ನೂ ಫ್ರಿಜ್‌ಗಳಲ್ಲಿ ನಮೂದಿಸಿರುವ ವಾರ್ಷಿಕ ಯೂನಿಟ್‌ಗಳನ್ನೂ ಓದಿಕೊಳ್ಳಬೇಕು.

3. ಖರೀದಿಗೆ ಮುನ್ನ ಪರಿಶೀಲನೆ

ಉಪಕರಣವನ್ನು ಚಾಲನೆ ಮಾಡಿ ನೋಡದೆ ಖರೀದಿಸಬಾರದು.

ಅ) ಫ್ರಿಜ್: ತಾವು ಬರುವವರೆಗೆ ಅದನ್ನು ಚಾಲನೆ ಮಾಡದಿರುವಂತೆ ಮೊದಲೇ ತಿಳಿಸಿ. ಕನಿಷ್ಠ ಅರ್ಧ ಗಂಟೆ ನಡೆಸಿ, ಫ್ರೀಜರ್ ತಣ್ಣಗಾಗುವುದನ್ನು ಖಚಿತಪಡಿಸಿಕೊಳ್ಳಿ. ಬಾಗಿಲಿಗೆ ಕಾಗದವೊಂದನ್ನು ಸಿಕ್ಕಿಸಿ ಎಳೆದಾಗ ಅದು ಸಲೀಸಾಗಿ ಬಂದಲ್ಲಿ ಬಾಗಿಲಿನ ರಬ್ಬರ್ ಸವೆದಿದೆ ಎಂದರ್ಥ. ಮನೆಗೆ ತಂದ ನಂತರ ಕೆಲವು ಗಂಟೆ ನೇರವಾಗಿ ನಿಲ್ಲಿಸಿ, ಬಳಿಕ ಚಾಲನೆ ಮಾಡಬೇಕು.
ಆ) ವಾಷಿಂಗ್ ಮಷಿನ್: ನೀರು ತುಂಬಿಸಿ, ಒಗೆಯುವ, ನೀರು ಹೊರಬಿಡುವ ಮತ್ತು ಹಿಂಡುವ ಮೂರೂ ಹಂತಗಳನ್ನು ನೋಡಿ. ಡ್ರಮ್ಮನ್ನು ಕೈಯಿಂದ ತಿರುಗಿಸಿದಾಗ ಗರಗರ ಶಬ್ದ ಬಂದಲ್ಲಿ ಬೇರಿಂಗ್ ಸವೆದಿರುವ ಸಾಧ್ಯತೆಯಿದೆ.
ಇ) ಹವಾನಿಯಂತ್ರಕ: ಕೊಳವೆಗಳ ಜೋಡಣೆಯಲ್ಲಿ ಎಣ್ಣೆಯ ಕಲೆಗಳಿದ್ದಲ್ಲಿ ಅನಿಲ ಸೋರುತ್ತಿರಬಹುದು. ಬಿಚ್ಚುವ, ಸಾಗಿಸುವ, ಮರುಜೋಡಿಸುವ ವೆಚ್ಚವನ್ನು ಬೆಲೆಗೆ ಸೇರಿಸಿಕೊಳ್ಳಿ.
ಈ) ಮಿಕ್ಸಿ, ಗ್ರೈಂಡರ್: ಸುಟ್ಟ ವಾಸನೆ, ಸಡಿಲವಾದ ಜಾರ್ ಮತ್ತು ಬಿರುಕು ಬಿಟ್ಟ ವೈರುಗಳನ್ನು ಗಮನಿಸಿ.

ಲೋಹದ ಹೊರಮೈಯುಳ್ಳ ಫ್ರಿಜ್, ವಾಷಿಂಗ್ ಮಷಿನ್ ಮುಂತಾದವುಗಳಿಗೆ ಮೂರು ಪಿನ್ನಿನ ಪ್ಲಗ್ ಹಾಗೂ ಅರ್ಥಿಂಗ್ ಕಡ್ಡಾಯವಾಗಿ ಇರಬೇಕು. ಅರ್ಥ್ ಪಿನ್ ಕತ್ತರಿಸಿರುವ ಉಪಕರಣವನ್ನು ಹಾಗೆಯೇ ಬಳಸುವುದು ಪ್ರಾಣಾಪಾಯಕಾರಿ. ಮೊದಲ ಬಳಕೆಗೆ ಮುನ್ನ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಬೇಕು.

4. ಖರೀದಿಸದಿರುವುದೇ ಲೇಸಾದ ವಸ್ತುಗಳು

ಅ) ನೀರು ಕಾಯಿಸುವ ಕಾಯಿಲ್ ಮತ್ತು ಹಳೆಯ ಗೀಸರ್‌ಗಳು. ಒಳಗಿನ ದೋಷವು ಹೊರಗೆ ಕಾಣುವುದಿಲ್ಲ.
ಆ) ಅಡುಗೆ ಅನಿಲದ ಸಿಲಿಂಡರ್, ರೆಗ್ಯುಲೇಟರ್ ಮತ್ತು ರಬ್ಬರ್ ಕೊಳವೆ. ಸಿಲಿಂಡರ್ ಮತ್ತು ರೆಗ್ಯುಲೇಟರ್‌ಗಳನ್ನು ಅಧಿಕೃತ ವಿತರಕರಿಂದಲೇ ಪಡೆಯಬೇಕು.
ಇ) ಐ.ಎಸ್.ಐ. ಗುರುತಿಲ್ಲದ ಕುಕ್ಕರ್ ಹಾಗೂ ಇಸ್ತ್ರಿ ಪೆಟ್ಟಿಗೆಗಳು. ಗುರುತಿನೊಂದಿಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.
ಈ) ಬಹಳ ಹಳೆಯ ಫ್ರಿಜ್‌ಗಳು. ಕೆಲವುಗಳಲ್ಲಿ ಬಳಸಿರುವ ಸಿ.ಎಫ್.ಸಿ. ಅನಿಲದ ಉತ್ಪಾದನೆ ಹಾಗೂ ಬಳಕೆಯನ್ನು ಓಜೋನ್ ಪದರದ ರಕ್ಷಣೆಗಾಗಿ 2010ರೊಳಗೆ ನಿಲ್ಲಿಸಲಾಗಿದ್ದು, ದುರಸ್ತಿ ಕಷ್ಟಸಾಧ್ಯ.

5. ಪಡೆಯಬೇಕಾದ ದಾಖಲೆಗಳು

ಅ) ದಿನಾಂಕ, ಬೆಲೆ, ಮಾದರಿ, ಕ್ರಮ ಸಂಖ್ಯೆ ಹಾಗೂ ಮಾರಾಟಗಾರರ ಹೆಸರು, ವಿಳಾಸವುಳ್ಳ ಸಹಿ ಮಾಡಿದ ರಸೀದಿ.
ಆ) ಮೂಲ ಖರೀದಿಯ ಬಿಲ್ಲಿನ ಪ್ರತಿ. ವಾರಂಟಿ ಬಾಕಿಯಿದ್ದಲ್ಲಿ ಅದು ಹೊಸ ಮಾಲೀಕರಿಗೆ ಅನ್ವಯಿಸುವುದೇ ಎಂಬುದನ್ನು ತಯಾರಕರಿಂದ ಖಚಿತಪಡಿಸಿಕೊಳ್ಳಬೇಕು.
ಇ) ಅಂಗಡಿಯವರು ಬಾಯಿಮಾತಿನಲ್ಲಿ ನೀಡಿದ ಖಾತರಿಯನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳುವುದು.

ಕಳವಾದ ವಸ್ತುವನ್ನು ತಿಳಿಯದೆ ಕೊಂಡರೂ ಸಾಮಾನ್ಯವಾಗಿ ಅದರ ಒಡೆತನ ಖರೀದಿದಾರರಿಗೆ ದೊರೆಯುವುದಿಲ್ಲ. ಕಳವಿನ ಮಾಲೆಂದು ತಿಳಿದೂ ಅಪ್ರಾಮಾಣಿಕವಾಗಿ ಸ್ವೀಕರಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 317ರ ಅಡಿಯಲ್ಲಿ ಶಿಕ್ಷಾರ್ಹ ಅಪರಾಧವಾಗಿದೆ.

6. ದೋಷ ಕಂಡುಬಂದಲ್ಲಿ ಪರಿಹಾರ

ವ್ಯಾಪಾರಿಯಿಂದ ಸ್ವಂತ ಬಳಕೆಗಾಗಿ ಕೊಂಡವರು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದೂರು ಸಲ್ಲಿಸಬಹುದು. ನೆರೆಹೊರೆಯವರಿಂದ ಅಥವಾ ಪರಿಚಿತರಿಂದ ಕೊಂಡಲ್ಲಿ, ಅವರು ವ್ಯಾಪಾರಿಗಳಲ್ಲದ ಕಾರಣ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಮಾರ್ಗವೊಂದೇ ಉಳಿಯುತ್ತದೆ. ಬೆಲೆ ಹೋಲಿಸುವಾಗ ಈ ವ್ಯತ್ಯಾಸವನ್ನೂ ಪರಿಗಣಿಸತಕ್ಕದ್ದು. ಅಲ್ಲದೆ, ಸರಕು ಮಾರಾಟ ಅಧಿನಿಯಮ, 1930ರ ಕಲಂ 16ರ ಪ್ರಕಾರ, ಖರೀದಿದಾರರು ವಸ್ತುವನ್ನು ಪರಿಶೀಲಿಸಿದ್ದಲ್ಲಿ, ಆ ಪರಿಶೀಲನೆಯಿಂದ ಕಂಡುಬರಬೇಕಾಗಿದ್ದ ದೋಷಗಳಿಗೆ ವಸ್ತುವಿನ ಗುಣಮಟ್ಟದ ಬಗೆಗಿನ ಸೂಚಿತ ಷರತ್ತಿನ ರಕ್ಷಣೆ ಇರುವುದಿಲ್ಲ. ಮೇಲ್ನೋಟದ ಪರಿಶೀಲನೆ ಸಾಲದು ಎಂಬುದಕ್ಕೆ ಇದೇ ಕಾರಣ.

ದೂರು ನೀಡುವ ವಿಧಾನ:
ಅ) ಮೊದಲು ವ್ಯಾಪಾರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ.
ಆ) ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.
ಇ) ನಂತರವೂ ಇತ್ಯರ್ಥವಾಗದಿದ್ದಲ್ಲಿ, ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಿ. ಪಾವತಿಸಿದ ಬೆಲೆ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ವಿ.ಸೂ.: ಬಳಕೆಗೆ ಬಾರದ ಉಪಕರಣಗಳನ್ನು ಕಸದೊಂದಿಗೆ ಎಸೆಯದೆ, ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಂತೆ ನೋಂದಾಯಿತ ಮರುಬಳಕೆ ಘಟಕಗಳಿಗೆ ತಲುಪುವಂತೆ ಸಂಗ್ರಹಣಾ ಕೇಂದ್ರಗಳಿಗೆ ನೀಡಲು ಕೋರಲಾಗಿದೆ. ಈ ಪುಟದ ಬೆಲೆ ಹಾಗೂ ಯೂನಿಟ್ ಲೆಕ್ಕಗಳು ಉದಾಹರಣೆಗಾಗಿ ಮಾತ್ರ.